ದಾನಕ್ಕೆ ಸಂದ ಬಿರುದು

ಮುಂಬಯಿಯಲ್ಲಿ ನೆಲೆಸಿದ ಕನ್ನಡಿಗರು ಬೈಕುಲಾದ ಆಸ್ಪತ್ರೆಯನ್ನೂ ಕೋಟೆಯ ಬಳಿಯ ಚಿತ್ರಕಲಾ ಶಾಲೆಯನ್ನೂ 'ಜೆ.ಜೆ.' ಎಂಬ ಎರಡು ಅಕ್ಷರಗಳಿಂದಲೇ ಗುರುತಿಸುವುದು ವಾಡಿಕೆ. ಇವು ಸರ್ ಜಮ್ಶೇಟ್‌ಜಿ ಜೀಜೀಭಾಯಿಯವರ ಹೆಸರಿನ ಮೊದಲಕ್ಷರಗಳೆಂಬುದು ಬಹುಮಂದಿಗೆ ತಿಳಿದ ಸಂಗತಿ. ಆ ಹೆಸರಿನ ಬೆನ್ನಿಗೆ ಬ್ರಿಟಿಷ್ ಭಾರತದ ಒಂದು ಕಾಯಿದೆಯೂ ಉಂಟೆಂಬುದು, ಆ ಕಾಯಿದೆಯು ಒಂದು ಬಿರುದನ್ನು ಉಳಿಸುವುದಕ್ಕಾಗಿಯೇ ಹುಟ್ಟಿತೆಂಬುದು ಅಷ್ಟು ಪ್ರಸಿದ್ಧವಲ್ಲ. ದಾನ ಮಾಡಿದವನನ್ನು ಸಮಾಜವೋ ಪ್ರಭುತ್ವವೋ ಬಿರುದಿತ್ತು ಮನ್ನಿಸುವ ಪದ್ಧತಿ ಅನೇಕ ನಾಡುಗಳಲ್ಲಿ ಪ್ರಾಚೀನ ಕಾಲದಿಂದಲೂ ಕಾಣಬರುತ್ತದೆ. ಆದರೆ ಆ ಬಿರುದಿಗೆ ಬೆಲೆ ಕಟ್ಟಿದವರು ಯಾರು, ಕಟ್ಟಿದ ಬೆಲೆಯನ್ನು ಬಹಿರಂಗವಾಗಿ ಸಾರಿದರೇ ಮುಚ್ಚಿಟ್ಟರೇ, ಬಿರುದು ಹೊಗಳುವುದು ದಾನವನ್ನೋ ಅಥವಾ ಅದನ್ನು ದಯಪಾಲಿಸಿದ ಪ್ರಭುವನ್ನೋ ಎಂಬ ಪ್ರಶ್ನೆಗಳಿಗೆ ಒಂದೊಂದು ನಾಡೂ ತನ್ನದೇ ಉತ್ತರ ಕೊಟ್ಟಿದೆ. ಜಮ್ಶೇಟ್‌ಜಿಯವರ ಪ್ರಸಂಗದಲ್ಲಿ ಈ ಪ್ರಶ್ನೆಗಳೆಲ್ಲ ಒಂದೆಡೆ ಕಲೆತಿರುವುದರಿಂದ ವಿವೇಚನೆಯನ್ನು ಅಲ್ಲಿಂದಲೇ ತೊಡಗುವುದು ಉಚಿತ.

ಜಮ್ಶೇಟ್‌ಜಿ 1783ರಲ್ಲಿ ಬಡ ಪಾರಸಿ ಮನೆತನವೊಂದರಲ್ಲಿ ಹುಟ್ಟಿದರು. ಹದಿಹರೆಯದಲ್ಲೇ ತಂದೆತಾಯಿಗಳನ್ನು ಕಳೆದುಕೊಂಡು, ಮುಂಬಯಿಯಲ್ಲಿ ಸೀಸೆಗಳ ವ್ಯಾಪಾರ ಮಾಡುತ್ತಿದ್ದ ಸೋದರಮಾವನ ಆಶ್ರಯಕ್ಕೆ ಬಂದರು. ಮುಂದೆ ಆ ಮಾವನ ಮಗಳು ಆವಾಬಾಯಿಯನ್ನೇ ವರಿಸಿದರು. ಹಡಗು ಹತ್ತಿ ಚೀನಕ್ಕೆ ಹೋಗಿಬಂದು, ಹತ್ತಿ ಮತ್ತು ಅಫೀಮಿನ ವ್ಯಾಪಾರದಿಂದ ಅಪಾರ ಐಶ್ವರ್ಯವನ್ನು ಗಳಿಸಿದರು. ಗಳಿಸಿದ್ದನ್ನು ಕೊಡುವುದರಲ್ಲಿಯೂ ಅವರ ಕೈ ದೊಡ್ಡದು. 1822ರಲ್ಲಿ, ಸಾಲ ತೀರಿಸಲಾರದೆ ಮುಂಬಯಿಯ ಸೆರೆಮನೆಯಲ್ಲಿ ಕೊಳೆಯುತ್ತಿದ್ದ ಬಡವರ ಸಾಲವನ್ನು ತಾವೇ ತೀರಿಸಿ ಅವರನ್ನು ಬಿಡಿಸಿದರು. 1843ರಲ್ಲಿ ಆಸ್ಪತ್ರೆಯ ಅಸ್ತಿಭಾರಕ್ಕೆ ಲಕ್ಷ ರೂಪಾಯಿ ಕೊಟ್ಟರು. ಕಂಪನಿ ಸರಕಾರವೂ ಕೈಜೋಡಿಸಿತು. 1845ರಲ್ಲಿ ಆಸ್ಪತ್ರೆ ತೆರೆಯಿತು. ಚಿತ್ರಕಲಾ ಶಾಲೆಗೆ ಮತ್ತೊಂದು ಲಕ್ಷ ಸಂದಿತು. ಪುಣೆಯ ನೀರಿನ ಕಟ್ಟೆಗೂ ಅವರ ಹಣ ಹರಿಯಿತು.

ಮಾಹಿಮ್ ದ್ವೀಪವನ್ನೂ ಬಾಂದ್ರಾವನ್ನೂ ಕೂಡಿಸುವ ಒಡ್ಡುದಾರಿಯ ಕಥೆ ಬೇರೆ. ಅಲ್ಲಿ ದೋಣಿಯಲ್ಲಿ ದಾಟುವ ಜನರ ಪಾಡು ಎಲ್ಲರಿಗೂ ತಿಳಿದಿತ್ತಾದರೂ ಕಂಪನಿ ಸರಕಾರ ಹಣವಿಲ್ಲವೆಂದಿತು. ಆಗ ಆವಾಬಾಯಿಯವರು 1,57,000 ರೂಪಾಯಿಗಳನ್ನು ಕೊಟ್ಟು ದಾರಿಯನ್ನು ಕಟ್ಟಿಸಿದರು. ದಾಟುವವರಿಂದ ಸುಂಕ ವಸೂಲು ಮಾಡಬಾರದೆಂಬ ಷರತ್ತನ್ನೂ ಹಾಕಿದರು. 1845ರಲ್ಲಿ ದಾರಿ ತೆರೆಯಿತು. ಮಾಹಿಮಿನ ಹೆದ್ದಾರಿಯು ಇಂದಿಗೂ 'ಲೇಡಿ ಜಮ್ಶೇಟ್‌ಜಿ' ರಸ್ತೆಯೆಂದೇ ಕರೆಯಲ್ಪಡುತ್ತದೆ. ಹಣ ಕೊಟ್ಟವಳು ಹೆಂಡತಿ; ರಸ್ತೆಗೆ ಬಂದ ಹೆಸರು ಗಂಡನದು. ಏಕೆಂದರೆ ಆ ಕಾಲದ ಇಂಗ್ಲಿಷ್ ಪದ್ಧತಿಯಲ್ಲಿ ಹೆಂಗಸಿಗೆ 'ಲೇಡಿ' ಎಂಬ ಮಾನ ಒದಗುತ್ತಿದ್ದುದು ಸಾಮಾನ್ಯವಾಗಿ ಗಂಡನಿಗೆ ಸಂದ ಬಿರುದಿನ ಮೂಲಕ.

ಗಂಡನಿಗೆ ಆ ಬಿರುದು ಬಂದುದು 1842ರಲ್ಲಿ. ವಿಕ್ಟೋರಿಯಾ ರಾಣಿಯಿಂದ ನೈಟ್ ಪದವಿಯನ್ನು ಪಡೆದ ಮೊದಲನೆಯ ಭಾರತೀಯರು ಜಮ್ಶೇಟ್‌ಜಿ. ನೈಟ್ ಪದವಿ ಪಡೆದವನ ಆಯುಷ್ಯದೊಂದಿಗೆ ಮುಗಿಯುವಂಥದು. 1857ರಲ್ಲಿ, ಉತ್ತರ ಹಿಂದುಸ್ಥಾನದಲ್ಲಿ ದಂಗೆಯ ಬೆಂಕಿ ಉರಿಯುತ್ತಿದ್ದ ವರ್ಷವೇ, ಅವರನ್ನು ಬ್ಯಾರೊನೆಟ್ ಪದವಿಗೆ ಏರಿಸಲಾಯಿತು. ಇದು ತಂದೆಯಿಂದ ಹಿರಿಯ ಮಗನಿಗೆ, ಅವನಿಂದ ಅವನ ಹಿರಿಯ ಮಗನಿಗೆ ಇಳಿಯತಕ್ಕ ಆನುವಂಶಿಕ ಪದವಿ.

ಈ ಬ್ಯಾರೊನೆಟ್ ಪದವಿಯ ಹುಟ್ಟು ಕುತೂಹಲಕರವಾಗಿದೆ. ಒಂದನೆಯ ಜೇಮ್ಸ್ ದೊರೆ 1611ರಲ್ಲಿ ಇದನ್ನು ಸ್ಥಾಪಿಸಿದ್ದು ಪುಣ್ಯಕಾರ್ಯವನ್ನು ಮನ್ನಿಸುವುದಕ್ಕಾಗಿ ಅಲ್ಲ, ಬರಿದಾದ ಬೊಕ್ಕಸವನ್ನು ತುಂಬುವುದಕ್ಕಾಗಿ. ಐರ್ಲೆಂಡಿನ ಅಲ್ಸ್ಟರ್ ಪ್ರಾಂತದಲ್ಲಿ 30 ಮಂದಿ ಸೈನಿಕರನ್ನು, ತಲೆಗೆ ದಿನಕ್ಕೆ 8 ಪೆನ್ನಿಯಂತೆ, ಮೂರು ವರ್ಷ ಸಾಕುವ ವೆಚ್ಚವನ್ನು ಯಾರು ಕಟ್ಟುವರೋ ಅವರಿಗೆ ಪದವಿ. 30 ಮಂದಿಗೆ 8 ಪೆನ್ನಿಯಂತೆ ದಿನಕ್ಕೆ 240 ಪೆನ್ನಿ, ಎಂದರೆ ಸರಿಯಾಗಿ ಒಂದು ಪೌಂಡು. ಮೂರು ವರ್ಷಕ್ಕೆ 1,095 ಪೌಂಡು. ಕುಲೀನತೆಯ ಬೆಲೆಯನ್ನು ಇಷ್ಟು ಚೊಕ್ಕವಾಗಿ ಲೆಕ್ಕ ಹಾಕಿದ ದೊರೆ ಮತ್ತೊಬ್ಬನಿರಲಾರ! ಎರಡೂವರೆ ಶತಮಾನದ ಬಳಿಕ ಅದೇ ಪದವಿ ಮುಂಬಯಿಯ ದಾನಶೂರನ ಪಾಲಿಗೆ ಬಂದಾಗ ಈ ಮೂಲವನ್ನು ಯಾರೂ ನೆನೆಯಲಿಲ್ಲ. ಆದರೆ ಬೆಲೆಯೆಂಬುದು ಮಾತ್ರ ಬೇರೊಂದು ವೇಷದಲ್ಲಿ ಮರಳಿ ಬಂದಿತು.

ಇಂಗ್ಲೆಂಡಿನಲ್ಲಿ ಪದವಿಯೊಂದಿಗೆ ಹಿರಿಯ ಮಗನಿಗೆ ಜಮೀನೂ ಇಳಿಯುತ್ತಿತ್ತು. ಭಾರತದಲ್ಲಿ ಹಾಗಲ್ಲ, ಆಸ್ತಿ ಮಕ್ಕಳಲ್ಲಿ ಹಂಚಿಹೋಗುವುದು. ಎರಡು ಮೂರು ತಲೆಗಳಾದ ಮೇಲೆ ಬ್ಯಾರೊನೆಟನು ಬಡವನಾದರೆ ರಾಣಿಯ ಮರ್ಯಾದೆಗೆ ಕುಂದಲ್ಲವೆ? ಆದ್ದರಿಂದ ಪದವಿಯ ಘನತೆಯನ್ನು ಕಾಪಾಡತಕ್ಕ ಶಾಶ್ವತ ನಿಧಿಯೊಂದು ಬೇಕಾಯಿತು. ಆಸ್ತಿಯನ್ನು ಮುಂದಿನ ತಲೆಮಾರುಗಳಿಗೆಲ್ಲ ಕೊನೆಯಿಲ್ಲದಂತೆ ಕಟ್ಟಿಹಾಕುವುದಕ್ಕೆ ನ್ಯಾಯಾಲಯಗಳು ಒಪ್ಪುತ್ತಿರಲಿಲ್ಲವಾಗಿ, ಸಾಮಾನ್ಯ ದಸ್ತಾವೇಜಿನಿಂದ ಅದು ಸಾಧ್ಯವಿರಲಿಲ್ಲ; ಶಾಸನಸಭೆಯೇ ನಡುವೆ ಬರಬೇಕಾಯಿತು. 1860ರ 20ನೆಯ ಕಾಯಿದೆ ಹುಟ್ಟಿದ್ದು ಹೀಗೆ. 25 ಲಕ್ಷ ರೂಪಾಯಿಗಳ ಸರಕಾರಿ ಪ್ರಾಮಿಸರಿ ನೋಟುಗಳು, ನೂರಕ್ಕೆ ನಾಲ್ಕರ ಬಡ್ಡಿಯಂತೆ ವರ್ಷಕ್ಕೆ ಒಂದು ಲಕ್ಷ ರೂಪಾಯಿ ಉತ್ಪನ್ನ, ಜೊತೆಗೆ ಮಜಗಾಂವಿನ ಭವ್ಯ ಸೌಧ: ಇವಿಷ್ಟೂ ಪದವಿಯ ಬೆನ್ನಿಗೆ ಕಟ್ಟಲ್ಪಟ್ಟವು. ಇನ್ನೊಂದು ನಿಬಂಧನೆಯೂ ಇತ್ತು. ಪದವಿಗೆ ಬರುವ ಪ್ರತಿಯೊಬ್ಬ ವಾರಸುದಾರನೂ ತನ್ನ ಹೆಸರನ್ನು ಬಿಟ್ಟು 'ಜಮ್ಶೇಟ್‌ಜಿ ಜೀಜೀಭಾಯಿ' ಎಂಬ ಹೆಸರನ್ನೇ ಧರಿಸತಕ್ಕದ್ದು. 1859ರಲ್ಲಿ ತಂದೆ ತೀರಿಕೊಂಡ ಮೇಲೆ ಮಗ ಕರ್ಸೆಟ್‌ಜಿ ಹೀಗೆ ಎರಡನೆಯ ಜಮ್ಶೇಟ್‌ಜಿಯಾದರು. ಹುಟ್ಟಿದಾಗ ತಾಯಿತಂದೆ ಇಟ್ಟ ಹೆಸರನ್ನು ಕಾಯಿದೆಯೊಂದು ಅಳಿಸಿಹಾಕುವ ಈ ಏರ್ಪಾಟು ಮುಂದೆ ಪೆಟಿಟ್ (1890), ಅಹಮದಾಬಾದಿನ ಚಿನುಭಾಯಿ ಮಾಧವಲಾಲ್ (1913) ಮೊದಲಾದ ಬ್ಯಾರೊನೆಟ್ ಮನೆತನಗಳಿಗೂ ಮಾದರಿಯಾಯಿತು. ಹಿಂದೂಗಳಲ್ಲಿ ಈ ಪದವಿ ಪಡೆದ ಮೊದಲಿಗರು ಚಿನುಭಾಯಿಯವರು.

ಅಂಕಿಗಳನ್ನು ಎದುರೆದುರಿಗೆ ಇಟ್ಟು ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಆಸ್ಪತ್ರೆಗೆ ಮೊದಲು ಕೊಟ್ಟ ಲಕ್ಷ, ಒಡ್ಡುದಾರಿಗೆ ಕೊಟ್ಟ ಒಂದೂವರೆ ಲಕ್ಷದಷ್ಟು, ಕಲಾಶಾಲೆಯ ಲಕ್ಷ, ಈ ಮೂರನ್ನು ಕೂಡಿಸಿದರೂ ನಾಲ್ಕು ಲಕ್ಷ ತುಂಬುವುದಿಲ್ಲ. ಅವುಗಳ ಫಲವಾಗಿ ಬಂದ ಬಿರುದನ್ನು ಸಾಕುವುದಕ್ಕೆ ಕಟ್ಟಿಟ್ಟ ಮೂಲಧನ 25 ಲಕ್ಷ. ಅಂದಿನ ಮುಂಬಯಿಯಲ್ಲಿ ಇಷ್ಟು ಹಣದಿಂದ ಇನ್ನೆಷ್ಟು ಆಸ್ಪತ್ರೆಗಳು ಏಳಬಹುದಾಗಿತ್ತು ಎಂಬುದು ವ್ಯರ್ಥ ಪ್ರಶ್ನೆಯೇನಲ್ಲ. ಜಮ್ಶೇಟ್‌ಜಿಯವರ ಔದಾರ್ಯ ಇದರಿಂದ ಕಿರಿದಾಗುವುದಿಲ್ಲ. ಅವರು ಕೊಟ್ಟದ್ದು ಬಿರುದಿನ ಆಸೆಯಿಲ್ಲದ ದಿನಗಳಿಂದಲೇ. ಆದರೆ ಪ್ರಭುತ್ವವು ದಾನಿಯನ್ನು ಕುಲೀನನನ್ನಾಗಿ ಮಾಡಹೊರಟಾಗ ದಾನದ ಹಣವೇ ಕುಲೀನತೆಯ ಕಡೆಗೆ ತಿರುಗುತ್ತದೆಂಬುದಕ್ಕೆ ಇದಕ್ಕಿಂತ ಚೆನ್ನಾದ ನಿದರ್ಶನ ಸಿಕ್ಕುವುದು ಕಷ್ಟ.

ಅದೇ ಮುಂಬಯಿಯಲ್ಲಿ ಬಿರುದಿನ ಗೊಡವೆಯಿಲ್ಲದೆ ನಿಂತ ದಾನವೂ ಉಂಟು. ಹತ್ತಿಯ ಸಟ್ಟಾದಲ್ಲಿ ನಗರವನ್ನೇ ಕುಣಿಸಿದ ಪ್ರೇಮಚಂದ ರಾಯಚಂದರು ವಿಶ್ವವಿದ್ಯಾಲಯದ ಪುಸ್ತಕಭಂಡಾರಕ್ಕೆ 2 ಲಕ್ಷ, ಅದರ ಗೋಪುರಕ್ಕೆ ಮತ್ತೆ 2 ಲಕ್ಷ ಕೊಟ್ಟು, ಗೋಪುರಕ್ಕೆ ತಾಯಿ ರಾಜಾಬಾಯಿಯ ಹೆಸರನ್ನಿಟ್ಟರು. ಅಮೆರಿಕದ ಅಂತರ್ಯುದ್ಧ 1865ರಲ್ಲಿ ಮುಗಿದು ಹತ್ತಿಯ ಬೆಲೆ ಕುಸಿದಾಗ ಅವರ ಐಶ್ವರ್ಯವೂ ಕುಸಿಯಿತು. ಮುಂಬಯಿ ಬ್ಯಾಂಕೂ ಆ ಪ್ರಳಯದಲ್ಲಿ ಮುಳುಗಿತು. ಗೋಪುರ ನಿಂತಿದೆ. ಬ್ಯಾರೊನೆಟ್ ಆಗಿದ್ದರೆ ರಾಣಿಯ ಮರ್ಯಾದೆಯ ಗತಿ ಏನಾಗುತ್ತಿತ್ತೋ! ಕಾವಸ್‌ಜಿ ಜಹಾಂಗೀರರ ಮನೆತನದವರ ಕೈಯಲ್ಲಿ ಸದಾ ರೊಕ್ಕ ಸಿದ್ಧವಾಗಿರುತ್ತಿತ್ತೆಂದು ಪೇಟೆಯ ಜನ ಇಟ್ಟ 'ರೆಡಿಮನಿ' ಎಂಬ ಅಡ್ಡಹೆಸರು ಮನೆತನದ ಹೆಸರಾಗಿಯೇ ಉಳಿಯಿತು. 1872ರಲ್ಲಿ ಅವರಿಗೆ ನೈಟ್ ಪದವಿ ಬಂದಿತಾದರೂ, ಪೇಟೆ ಕೊಟ್ಟ ಬಿರುದಿನ ಮುಂದೆ ಅರಮನೆ ಕೊಟ್ಟ ಬಿರುದು ಸಪ್ಪೆಯೇ ಸರಿ.

ಜಮ್ಶೇಟ್‌ಜಿಯವರಿಗೆ ನೈಟ್ ಪದವಿ ಬಂದ 1842ನೆಯ ವರ್ಷವೇ ಚೀನವು ಅಫೀಮು ಯುದ್ಧದಲ್ಲಿ ಸೋತು ನಾನ್‌ಕಿಂಗ್ ಒಪ್ಪಂದಕ್ಕೆ ಸಹಿ ಹಾಕಿತು. ಮುಂಬಯಿಯ ಆಸ್ಪತ್ರೆಯ ಕಲ್ಲುಗಳಲ್ಲಿ ಕ್ಯಾಂಟನ್ನಿನ ಅಫೀಮಿನ ಲಾಭವೂ ಬೆರೆತಿದೆ. ದಾನದ ಹಣ ಎಲ್ಲಿಂದ ಬಂದಿತು, ದಾನಿಯ ಲೆಕ್ಕ ಚೊಕ್ಕವೇ ಎಂದು ಬಿರುದು ಕೊಡುವ ಮುನ್ನ ಕೇಳಬೇಕೇ ಬೇಡವೇ ಎಂಬುದು ಹೊಸ ಪ್ರಶ್ನೆಯೇನೂ ಅಲ್ಲ. ಪ್ರಾಚೀನ ಅಥೆನ್ಸಿನಲ್ಲಿ ಅದು ನ್ಯಾಯಸ್ಥಾನದ ಮೆಟ್ಟಿಲನ್ನೇ ಹತ್ತಿತ್ತು.

ಅಥೆನ್ಸಿನ ಜನಸಭೆಯು ನಗರಕ್ಕೆ ಉಪಕಾರ ಮಾಡಿದವರಿಗೆ ಚಿನ್ನದ ಕಿರೀಟವನ್ನು ಕೊಟ್ಟು ನಿರ್ಣಯವನ್ನು ಕಲ್ಲಿನಲ್ಲಿ ಕೊರೆಯಿಸುತ್ತಿತ್ತು. ಉಪಕಾರ ಮಾಡಿದವನಿಗೆ ಜನತೆ ತಕ್ಕ ಕೃತಜ್ಞತೆ ತೋರುತ್ತದೆಂದು ಕಂಡು ಇತರರೂ ಮುಂದೆ ಬರಲೆಂಬ ಆಶಯವನ್ನು ಆ ಶಾಸನಗಳಲ್ಲಿ ಮರೆಮಾಚದೆ ಬರೆಯುತ್ತಿದ್ದರು. ಕ್ರಿಸ್ತಪೂರ್ವ 336ರಲ್ಲಿ ಡೆಮಾಸ್ತನೀಸನಿಗೆ ಕಿರೀಟ ಕೊಡಬೇಕೆಂಬ ಸೂಚನೆ ಬಂದಿತು. ನಗರದ ಕೋಟೆಗೋಡೆಗಳ ದುರಸ್ತಿಯ ಅಧಿಕಾರಿಯಾಗಿದ್ದ ಅವನು ಸ್ವಂತ ಹಣವನ್ನೂ ಆ ಕೆಲಸಕ್ಕೆ ಸುರಿದಿದ್ದನು. ಅವನ ವೈರಿ ಈಸ್ಕಿನೀಸನು ಕಾನೂನಿನ ತಡೆಯೊಡ್ಡಿದನು. ಅಧಿಕಾರದಲ್ಲಿರುವವನು ತನ್ನ ಲೆಕ್ಕವನ್ನು ಒಪ್ಪಿಸಿ, ಅದರ ತನಿಖೆ ಮುಗಿಯುವ ತನಕ ಅವನಿಗೆ ಕಿರೀಟ ಕೊಡಕೂಡದು! ವಿಚಾರಣೆ ನಡೆದದ್ದು 330ರಲ್ಲಿ. ಡೆಮಾಸ್ತನೀಸನ ವಾದ ಸರಳವಾಗಿತ್ತು: ಸರಕಾರದ ಹಣಕ್ಕೆ ಲೆಕ್ಕ ಕೊಡುವುದು ಸರಿ, ತನ್ನ ಕೈಯಿಂದ ಕೊಟ್ಟ ಹಣಕ್ಕೆ ಲೆಕ್ಕ ಕೇಳುವುದು ಎಲ್ಲಿಯ ನ್ಯಾಯ? ಈಸ್ಕಿನೀಸನಿಗೆ ಐದರಲ್ಲಿ ಒಂದು ಪಾಲಿನ ಮತಗಳೂ ಬೀಳದೆ ಅವನು ನಗರವನ್ನೇ ಬಿಟ್ಟು ಹೋಗಬೇಕಾಯಿತು. ಆದರೂ ಕಾನೂನಿನ ದೃಷ್ಟಿಯಿಂದ ಅವನ ಆಕ್ಷೇಪಣೆ ಬಲವಾದದ್ದೇ. ಲೆಕ್ಕ ತಪಾಸಣೆ ಮೊದಲು, ಸನ್ಮಾನ ಅನಂತರ ಎಂಬ ನಿಯಮವನ್ನು ಇಂದಿನ ಸಂಘಸಂಸ್ಥೆಗಳೂ ಪಾಲಿಸಿದರೆ ಅನೇಕ ಸನ್ಮಾನ ಸಮಾರಂಭಗಳು ಮುಂದಕ್ಕೆ ಹೋಗುತ್ತಿದ್ದವು.

ಚೀನದವರು ಈ ವಿಷಯದಲ್ಲಿ ಇನ್ನೂ ವ್ಯವಹಾರಕುಶಲರು. ಚಿಂಗ್ ಚಕ್ರವರ್ತಿಗಳ ಆಡಳಿತದಲ್ಲಿ, ಕ್ಷಾಮನಿವಾರಣೆ ಮೊದಲಾದ ಲೋಕೋಪಕಾರಕ್ಕೆ ಸಾವಿರ ತೇಲ್ ಬೆಳ್ಳಿಗೂ ಮೇಲ್ಪಟ್ಟು ಕೊಟ್ಟವರು ಚಕ್ರವರ್ತಿಯ ಅಪ್ಪಣೆಯಿಂದ ಕಲ್ಲಿನ ತೋರಣದ್ವಾರವನ್ನು ನಿಲ್ಲಿಸಬಹುದಾಗಿತ್ತು. ಆನ್‌ಹುಯಿ ಪ್ರಾಂತದ ಟಾಂಗ್ಯುಯೆ ಎಂಬ ಹಳ್ಳಿಯಲ್ಲಿ ಉಪ್ಪಿನ ವ್ಯಾಪಾರಿಗಳಾದ ಬಾವೋ ಮನೆತನದವರ ಇಂಥ ಏಳು ದ್ವಾರಗಳು ಸಾಲಾಗಿ ನಿಂತಿವೆ. ಉಳಿದವು ರಾಜನಿಷ್ಠೆ, ಪಿತೃಭಕ್ತಿ, ಪಾತಿವ್ರತ್ಯಗಳ ಸ್ಮಾರಕಗಳು. ಒಂದರ ಮೇಲೆ ಮಾತ್ರ 'ಒಳಿತಿನಲ್ಲಿ ಸಂತೋಷ, ಕೊಡುವುದರಲ್ಲಿ ಪ್ರೀತಿ' ಎಂಬ ಅರ್ಥದ ನಾಲ್ಕು ಅಕ್ಷರಗಳಿವೆ. ಸರಕಾರಿ ಕಣಜಗಳಿಗೆ ಧಾನ್ಯ ತುಂಬಿದವರಿಗೆ ವಿದ್ವತ್ಪದವಿಯ ಕೆಳಮೆಟ್ಟಿಲನ್ನೂ ಮಾರುತ್ತಿದ್ದರು. ಬಡವನ ಹೊಟ್ಟೆ ತುಂಬಿತು, ವ್ಯಾಪಾರಿಗೆ ಪಂಡಿತನ ಉಡುಪು ದೊರಕಿತು. ನಿಜವಾಗಿ ಓದಿ ಪರೀಕ್ಷೆ ಬರೆದವನು ಮಾತ್ರ ಹಲ್ಲು ಕಡಿಯುತ್ತ ಕುಳಿತನು.

ಬೆಲೆಯನ್ನು ಬಹಿರಂಗವಾಗಿ ಸಾರಿದ ಇನ್ನೊಂದು ನಾಡು ಜಪಾನು. 1918ರಲ್ಲಿ ಅಲ್ಲಿ ಕಡುನೀಲಿ ಪಟ್ಟಿಯ ಪದಕವೊಂದನ್ನು ಸ್ಥಾಪಿಸಿದರು. ಸಾರ್ವಜನಿಕ ಹಿತಕ್ಕಾಗಿ ಸ್ವಂತ ಹಣವನ್ನು ಕೊಟ್ಟವರಿಗೇ ಮೀಸಲಾದ ಪದಕವಿದು. ವ್ಯಕ್ತಿಯೊಬ್ಬನಿಗೆ 50 ಲಕ್ಷ ಯೆನ್ ಎಂಬುದು ಕನಿಷ್ಠ ಮಿತಿ. ಇದರಿಂದ ಹೆಸರಿನ ಹಿಂದೆಯಾಗಲಿ ಮುಂದೆಯಾಗಲಿ ಏನೂ ಸೇರುವುದಿಲ್ಲ, ಮಗನಿಗೆ ಏನೂ ಇಳಿಯುವುದಿಲ್ಲ. ಇಷ್ಟು ಕೊಟ್ಟರೆ ಇಷ್ಟು ಎಂಬುದು ಒರಟಾಗಿ ಕೇಳಿಸಬಹುದು. ಆದರೆ ಗುಟ್ಟಾಗಿ ಬೆಲೆ ಕಟ್ಟಿದಾಗ ಆಗುವುದೇನೆಂಬುದನ್ನು ಇಂಗ್ಲೆಂಡು ಕಂಡಿದೆ. ಲಾಯ್ಡ್ ಜಾರ್ಜ್ ಪ್ರಧಾನಿಯಾಗಿದ್ದಾಗ ಪಕ್ಷದ ನಿಧಿಗೆ ಹಣ ಕೊಟ್ಟವರಿಗೆ ಪದವಿಗಳು ಮಾರಾಟವಾದುವೆಂಬ ಅಪವಾದ 1922ರಲ್ಲಿ ಭುಗಿಲೆದ್ದು, 1925ರಲ್ಲಿ ಅದನ್ನು ತಡೆಯುವ ಕಾಯಿದೆಯನ್ನೇ ಮಾಡಬೇಕಾಯಿತು. ಅಲ್ಲಿ ಕೊಳ್ಳುವವನಿಗೂ ಮಾರುವವನಿಗೂ ಬೆಲೆ ಗೊತ್ತಿತ್ತು. ಗೊತ್ತಿಲ್ಲದೆ ಉಳಿದವರು ಜನ ಮಾತ್ರ.

ಕನ್ನಡ ನಾಡಿನಲ್ಲಿ ದಾನಿಗೆ ಬಿರುದು ಸಂದ ಪರಂಪರೆ ಬಹು ಹಳೆಯದು. ಅತ್ತಿಮಬ್ಬೆಯನ್ನು ರನ್ನನು 993ರಲ್ಲಿ ರಚಿಸಿದ ಅಜಿತಪುರಾಣವೂ 1007ರ ಲಕ್ಕುಂಡಿಯ ಶಾಸನವೂ 'ದಾನಚಿಂತಾಮಣಿ' ಎಂದೇ ಕೊಂಡಾಡುತ್ತವೆ. ಗಂಡ ನಾಗದೇವನು ಯುದ್ಧದಲ್ಲಿ ಮಡಿದಾಗ ತಂಗಿ ಗುಂಡಮಬ್ಬೆ ಸಹಗಮನ ಮಾಡಿದಳು. ಅತ್ತಿಮಬ್ಬೆ ಮಗನಿಗಾಗಿ ಬದುಕಿ ಉಳಿದು ಧರ್ಮಕಾರ್ಯಗಳಲ್ಲಿ ತೊಡಗಿದಳು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಅಚ್ಚುಯಂತ್ರವಿಲ್ಲದ ಕಾಲದಲ್ಲಿ ಎಂಥ ವೆಚ್ಚದ, ಎಂಥ ದೂರದೃಷ್ಟಿಯ ಕಾರ್ಯವೆಂಬುದನ್ನು ಓದುಗರು ಊಹಿಸಿಕೊಳ್ಳಬಹುದು. ಇಲ್ಲಿ ಎರಡು ಸಂಗತಿಗಳನ್ನು ಗಮನಿಸತಕ್ಕದ್ದು. ಬಿರುದು ಹೆಣ್ಣಿಗೆ ಅವಳ ಸ್ವಂತ ಹಕ್ಕಿನಿಂದ ಸಂದಿದೆ; ಮಾಹಿಮಿನ ಆವಾಬಾಯಿಗೆ ದೊರೆಯದ ಈ ಮಾನ ಅವಳಿಗಿಂತ ಎಂಟು ಶತಮಾನಗಳಿಗೂ ಹಿಂದಿನ ಅತ್ತಿಮಬ್ಬೆಗೆ ದೊರೆತಿತ್ತು. ಎರಡನೆಯದಾಗಿ, ಬಿರುದು ಮಾಡಿದ ಕೆಲಸವನ್ನೇ ಹೇಳುತ್ತದೆ. ಬೇಡಿದ್ದನ್ನು ಕೊಡುವ ಮಣಿ ಚಿಂತಾಮಣಿ. ದಾನದಲ್ಲಿ ಅವಳು ಆ ಮಣಿ.

ಬ್ರಿಟಿಷರು ಭಾರತದಲ್ಲಿ ಹಂಚಿದ ಸಣ್ಣ ಬಿರುದುಗಳನ್ನು ಇದರೊಂದಿಗೆ ಹೋಲಿಸಿದರೆ ವ್ಯತ್ಯಾಸ ಎದ್ದು ಕಾಣುತ್ತದೆ. ರಾವ್ ಬಹದ್ದೂರ್, ರಾಯ್ ಬಹದ್ದೂರ್, ಖಾನ್ ಬಹದ್ದೂರ್, ರಾವ್ ಸಾಹೇಬ್ ಮೊದಲಾದವು ಪಡೆದವನು ಯಾವ ಮತದವನು, ಯಾವ ಸೀಮೆಯವನು, ಯಾವ ದರ್ಜೆಯವನು ಎಂಬುದನ್ನು ತಿಳಿಸುತ್ತವೆ. ಏನು ಮಾಡಿದನೆಂಬುದನ್ನು ತಿಳಿಸುವುದಿಲ್ಲ. ಛತ್ರ ಕಟ್ಟಿಸಿದವನಿಗೂ ರಾವ್ ಬಹದ್ದೂರಿ, ಕಂದಾಯವನ್ನು ಬಿಗಿಯಾಗಿ ವಸೂಲು ಮಾಡಿದ ಅಧಿಕಾರಿಗೂ ರಾವ್ ಬಹದ್ದೂರಿ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ್ದರಿಂದಲೇ ಜನರ ಬಾಯಲ್ಲಿ ಈ ಬಿರುದುಗಳು ಹಾಸ್ಯದ ವಸ್ತುಗಳಾದುವು.

ಮೈಸೂರು ಸಂಸ್ಥಾನದಲ್ಲಿ ಹಳೆಯ ಕನ್ನಡ ಪದ್ಧತಿಯ ನೆನಪು ಪೂರ್ತಿಯಾಗಿ ಅಳಿದಿರಲಿಲ್ಲ. ಧರ್ಮಪ್ರವರ್ತ, ಧರ್ಮಪ್ರಕಾಶ, ಧರ್ಮರತ್ನಾಕರ ಎಂದು ಅರಮನೆಯವರು ದಾನಿಗಳಿಗೆ ಕೊಟ್ಟ ಬಿರುದುಗಳಲ್ಲಿ ಕೆಲಸದ ಗುರುತು ಉಳಿದಿತ್ತು. ಬೆಂಗಳೂರಿನ ಪೇಟೆಯಲ್ಲಿ ಕಿರಾಣಿ ವ್ಯಾಪಾರದಿಂದ ಮೇಲೆ ಬಂದ ಗುಬ್ಬಿ ತೋಟದಪ್ಪನವರು ಮಕ್ಕಳಿಲ್ಲದ ತಮ್ಮ ಆಸ್ತಿಯನ್ನು ಧರ್ಮಕ್ಕೆ ಬಿಟ್ಟು, ರೈಲ್ವೆ ನಿಲ್ದಾಣದ ಬಳಿ ಪ್ರವಾಸಿಗಳಿಗೆ ಛತ್ರವನ್ನೂ ವಿದ್ಯಾರ್ಥಿಗಳಿಗೆ ವಸತಿಯನ್ನೂ ಏರ್ಪಡಿಸಿದರು. ನಾಲ್ವಡಿ ಕೃಷ್ಣರಾಜ ಒಡೆಯರು ಅವರಿಗೆ 'ಧರ್ಮಪ್ರವರ್ತ' ಎಂಬ ಬಿರುದಿತ್ತರು; ಬ್ರಿಟಿಷರು ರಾವ್ ಬಹದ್ದೂರಿಯನ್ನು ಕೊಟ್ಟರು. 1910ರಲ್ಲಿ ಅವರು ತೀರಿಕೊಂಡರು. ಹಳ್ಳಿಯಿಂದ ಬೆಂಗಳೂರಿಗೆ ಓದಲು ಬಂದ ಹುಡುಗನಿಗೆ ಈ ಎರಡು ಬಿರುದುಗಳೂ ಗೊತ್ತಿಲ್ಲದಿರಬಹುದು, ತೋಟದಪ್ಪನ ಛತ್ರ ಗೊತ್ತು. ದಂಡಿನಲ್ಲಿ 1873ರಲ್ಲಿ ಶಾಲೆಯನ್ನು ತೆರೆದ ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರರ ವಿಷಯ ಇನ್ನೂ ವಿನೋದಕರ. ಅವರ ಸಂಸ್ಥೆಗಳನ್ನು ಬೆಂಗಳೂರಿಗರು 'ಆರ್.ಬಿ.ಎ.ಎನ್.ಎಂ.' ಎನ್ನುತ್ತಾರೆ. ಅದರಲ್ಲಿ ಮೊದಲೆರಡು ಅಕ್ಷರಗಳು ರಾಯ್ ಬಹದ್ದೂರ್ ಎಂಬುದರ ಅವಶೇಷ. ಮೈಸೂರಿನ 'ಧರ್ಮರತ್ನಾಕರ' ಅರ್ಥವಿದ್ದೂ ಅಕ್ಷರಗಳಲ್ಲಿ ಸೇರಲಿಲ್ಲ. ಅರ್ಥವಿಲ್ಲದ ರಾಯ್ ಬಹದ್ದೂರಿ ಶಾಲೆಯ ಹೆಸರಿನಲ್ಲಿ ಗುರುತು ಸಿಕ್ಕದಂತೆ ಅಡಗಿ ಕುಳಿತಿದೆ. ಮೈಸೂರಿನಲ್ಲಿ ಅನಾಥಾಲಯವನ್ನು ಕಟ್ಟಿ ಬೆಳೆಸಿದ ಎಂ. ವೆಂಕಟಕೃಷ್ಣಯ್ಯನವರಿಗೆ 'ದಯಾಸಾಗರ' ಎಂಬ ಬಿರುದಿತ್ತು. ಊರಿನವರು 'ತಾತಯ್ಯ' ಎಂದರು, ಊರಿನವರ ಮಾತೇ ನಿಂತಿತು.

ಉತ್ತರ ಕರ್ನಾಟಕದಲ್ಲಿ ಸಿರಸಂಗಿ ಲಿಂಗರಾಜ ದೇಸಾಯರು (1861-1906) ಮೃತ್ಯುಪತ್ರದ ಮೂಲಕ ತಮ್ಮ ಸಂಸ್ಥಾನದ ಆಸ್ತಿಯನ್ನು ವಿದ್ಯಾರ್ಥಿಗಳ ವಿದ್ಯಾಭ್ಯಾಸಕ್ಕೆ ಮುಡಿಪಾಗಿಟ್ಟರು. 'ತ್ಯಾಗವೀರ' ಎಂಬ ಬಿರುದು ಅವರ ಹೆಸರಿನಿಂದ ಬೇರ್ಪಡಿಸಲಾಗದಂತೆ ಅಂಟಿಕೊಂಡಿದೆ. ಅದಕ್ಕೆ ಸನ್ನದಿಲ್ಲ, ಪದಕವಿಲ್ಲ. ಜಮ್ಶೇಟ್‌ಜಿಯವರ ವಂಶದಲ್ಲಿ ಆಸ್ತಿ ಬಿರುದನ್ನು ಸಾಕಿತು. ಇಲ್ಲಿ ಆಸ್ತಿಯನ್ನು ಬಿಟ್ಟುದರಿಂದಲೇ ಬಿರುದು ಹುಟ್ಟಿತು.

ಆದರೂ ಪರರ ಬಿರುದುಗಳನ್ನು ಒಟ್ಟಾಗಿ ಜರೆದುಬಿಡುವುದು ನ್ಯಾಯವಲ್ಲ. ಮಂಗಳೂರಿನ ಕುದ್ಮುಲ್ ರಂಗರಾಯರ (1859-1928) ಚರಿತ್ರೆ ಅದಕ್ಕೆ ಅಡ್ಡ ನಿಲ್ಲುತ್ತದೆ. ಸಾರಸ್ವತ ಬ್ರಾಹ್ಮಣರಾದ ಅವರು ಅಸ್ಪೃಶ್ಯರ ಮಕ್ಕಳಿಗೆ ಶಾಲೆ ತೆರೆದು, 1897ರಲ್ಲಿ ದಲಿತ ವರ್ಗಗಳ ಸೇವಾಸಂಸ್ಥೆಯನ್ನು ಸ್ಥಾಪಿಸಿದರು. ಸ್ವಜಾತಿಯವರು ಬಹಿಷ್ಕಾರ ಹಾಕಿದರು. ತನ್ನವರು ಕೊಟ್ಟ ಬಿರುದು 'ಜಾತಿಗೆಟ್ಟವ' ಎಂಬುದಾಗಿದ್ದಾಗ, ಪರಸರಕಾರ ಕೊಟ್ಟ 'ರಾವ್ ಸಾಹೇಬ್' ಎಂಬ ಸಣ್ಣ ಬಿರುದು ಹೊರಗಿನಿಂದ ಬಂದ ಒಂದು ಸಾಕ್ಷ್ಯವಾಯಿತು. ತನ್ನ ಶಾಲೆಯಲ್ಲಿ ಕಲಿತ ಮಗುವೊಂದು ದೊಡ್ಡವನಾಗಿ ಮೋಟಾರಿನಲ್ಲಿ ಹೋಗುವಾಗ ಏಳುವ ಧೂಳು ತನ್ನ ತಲೆಗೆ ತಾಗಿದರೆ ಜನ್ಮ ಸಾರ್ಥಕವೆಂಬುದು ಅವರ ಆಸೆಯಾಗಿತ್ತು. ಸಮಾಜದ ಕಣ್ಣು ಕುರುಡಾಗಿರುವಾಗ ಬಿರುದು ಯಾರ ಕೈಯಿಂದ ಬಂದಿತೆಂಬುದನ್ನು ವಿಚಾರಿಸುತ್ತ ಕೂಡುವುದು ಸುಖಿಗಳ ಹವ್ಯಾಸ.

ಲೋಕಸೇವೆಗೆಂದೇ ಬ್ರಿಟಿಷರು 1900ರಲ್ಲಿ ಸ್ಥಾಪಿಸಿದ 'ಕೈಸರ್-ಇ-ಹಿಂದ್' ಪದಕವು ಜನಾಂಗ, ವೃತ್ತಿ, ಅಂತಸ್ತು, ಲಿಂಗ ಯಾವ ಭೇದವನ್ನೂ ಎಣಿಸಲಿಲ್ಲವಾಗಿ ಆ ಕಾಲದ ಗೌರವಗಳಲ್ಲೆಲ್ಲ ಉದಾರವಾದದ್ದು. ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿ, ಪುಣೆಯ ಬಳಿಯ ಕೇಡಗಾಂವಿನಲ್ಲಿ ನಿರ್ಗತಿಕ ಹೆಂಗಸರಿಗೆ ಆಶ್ರಯವಿತ್ತ ಪಂಡಿತಾ ರಮಾಬಾಯಿಯವರಿಗೆ ಅದು 1919ರಲ್ಲಿ ಬಂದಿತು. ದಕ್ಷಿಣ ಆಫ್ರಿಕದ ಸೇವೆಗಾಗಿ ಗಾಂಧೀಜಿಯವರಿಗೆ 1915ರಲ್ಲಿ ಬಂದಿತ್ತು. 1920ರ ಆಗಸ್ಟಿನಲ್ಲಿ ಅವರು ಅದನ್ನು ಹಿಂದಿರುಗಿಸಿದರು. ಅವರು ಮಾಡಿದ್ದ ಸೇವೆಯೇನೂ ಸುಳ್ಳಾಗಿರಲಿಲ್ಲ. ಪಂಜಾಬಿನ ಹತ್ಯಾಕಾಂಡ ಮತ್ತು ಖಿಲಾಫತ್ ವಿಷಯದಲ್ಲಿ ನಡೆದ ಅನ್ಯಾಯದ ಬಳಿಕ, ಕೊಟ್ಟವನ ಕೈ ಅದನ್ನು ಧರಿಸಲಾಗದಂತೆ ಮಾಡಿತು. ಬಿರುದನ್ನು ಸ್ವೀಕರಿಸಿದವನು ಅದನ್ನಿತ್ತವನೊಡನೆ ಒಂದು ಸಂಬಂಧವನ್ನೂ ಸ್ವೀಕರಿಸುತ್ತಾನೆಂಬುದನ್ನು ಆ ದಿನ ದೇಶವೇ ಕಂಡಿತು.

ಈ ನೆನಪು ಹಸುರಾಗಿದ್ದಾಗ ರಚಿತವಾದುದರಿಂದಲೇ ಸಂವಿಧಾನದ 18ನೆಯ ಅನುಚ್ಛೇದವು ಸೈನಿಕ ಮತ್ತು ವಿದ್ಯಾಸಂಬಂಧವಾದ ಗೌರವಗಳನ್ನುಳಿದು ಬೇರಾವ ಬಿರುದನ್ನೂ ರಾಜ್ಯವು ಕೊಡಕೂಡದೆಂದು ವಿಧಿಸಿತು. 1954ರಲ್ಲಿ ಭಾರತರತ್ನ ಮತ್ತು ಪದ್ಮ ಪ್ರಶಸ್ತಿಗಳು ಆರಂಭವಾದಾಗ ಇವೂ ಬಿರುದುಗಳಲ್ಲವೇ ಎಂಬ ಆಕ್ಷೇಪಣೆ ಏಳುವುದು ಸಹಜವಾಗಿತ್ತು. ಜನತಾ ಸರಕಾರ 1977ರಲ್ಲಿ ಅವುಗಳನ್ನು ನಿಲ್ಲಿಸಿತು. 1980ರಲ್ಲಿ ಅವು ಮರಳಿ ಬಂದುವು. ಕೊನೆಗೆ ಬಾಲಾಜಿ ರಾಘವನ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಪೀಠವು 1995ರಲ್ಲಿ ತೀರ್ಪಿತ್ತು, ಇವು ಬಿರುದುಗಳಲ್ಲ, ಆದರೆ ಹೆಸರಿನ ಹಿಂದೆ ಮುಂದೆ ಸೇರಿಸಿಕೊಳ್ಳಕೂಡದು ಎಂದಿತು. ವಿದ್ಯಾಸಂಬಂಧವಾದ ಗೌರವಕ್ಕೆ ಇಟ್ಟ ವಿನಾಯಿತಿಯ ಕಿಂಡಿಯಿಂದ ಗೌರವ ಡಾಕ್ಟರೇಟುಗಳು ಧಾರಾಳವಾಗಿ ನುಸುಳಿ ಬಂದು, ಒಂದು ಕಾಲದ ರಾವ್ ಬಹದ್ದೂರರ ಜಾಗದಲ್ಲಿ ಈಗ 'ಡಾ.' ಎಂಬ ಒಂಟಿ ಅಕ್ಷರ ಕುಳಿತಿರುವುದು ಬೇರೆಯೇ ಒಂದು ಪ್ರಬಂಧದ ವಸ್ತು.

ರಂಗರಾಯರ ಮಂಗಳೂರಿನಲ್ಲೇ ಬೀದಿಯಲ್ಲಿ ಕಿತ್ತಳೆ ಹಣ್ಣು ಮಾರುತ್ತಿದ್ದ ಹರೇಕಳ ಹಾಜಬ್ಬನವರು ತಮ್ಮ ಸಣ್ಣ ಗಳಿಕೆಯಲ್ಲಿ ಉಳಿಸಿದ್ದನ್ನು ಕೂಡಿಹಾಕಿ, ತಮ್ಮೂರಾದ ನ್ಯೂಪಡ್ಪುವಿನಲ್ಲಿ ಮಕ್ಕಳಿಗೆ ಶಾಲೆಯಾಗುವಂತೆ ಮಾಡಿದರು. ತಾವು ಓದು ಬಲ್ಲವರಲ್ಲ. ಹಣ್ಣಿನ ಬೆಲೆಯನ್ನು ಇಂಗ್ಲಿಷಿನಲ್ಲಿ ಕೇಳಿದ ಗಿರಾಕಿಗಳಿಗೆ ಉತ್ತರ ಹೇಳಲಾಗದೆ ನಾಚಿದ್ದೇ ಈ ಸಂಕಲ್ಪಕ್ಕೆ ಕಾರಣವಾಯಿತೆಂದು ಅವರೇ ಹೇಳಿದ್ದಾರೆ. 2020ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು. 2021ರ ನವೆಂಬರಿನಲ್ಲಿ ರಾಷ್ಟ್ರಪತಿ ಭವನದಲ್ಲಿ ಅದನ್ನು ಸ್ವೀಕರಿಸಿದರು. ಕೊಟ್ಟ ಹಣದ ಮೊತ್ತದಿಂದ ಅಳೆದರೆ ಜೇಮ್ಸ್ ದೊರೆಯ ಪಟ್ಟಿಯಲ್ಲಾಗಲಿ ಚೀನದ ಸಾವಿರ ತೇಲ್‌ಗಳ ಲೆಕ್ಕದಲ್ಲಾಗಲಿ ಅವರಿಗೆ ಎಡೆಯಿರುತ್ತಿರಲಿಲ್ಲ. 1995ರ ತೀರ್ಪಿನಂತೆ ಪದ್ಮಶ್ರೀಯನ್ನು ಹೆಸರಿಗೆ ಅಂಟಿಸುವಂತಿಲ್ಲ. ಕರಾವಳಿಯ ಜನ ಅವರಿಗಿಟ್ಟ 'ಅಕ್ಷರಸಂತ' ಎಂಬ ಹೆಸರಿಗೆ ಆ ತೀರ್ಪು ಅನ್ವಯಿಸುವುದಿಲ್ಲ. ಪತ್ರಿಕೆಗಳು ಹಾಜಬ್ಬನವರ ವಿಷಯ ಬರೆದಾಗಲೆಲ್ಲ ಅದನ್ನು ಜೊತೆಯಲ್ಲೇ ಅಚ್ಚು ಮಾಡುತ್ತವೆ.